ಬಸ್ಸು ಟೈಮಿಗೆ ಬರುತ್ತಿದ್ದ ಕಾಲ

ನಮ್ಮ ದೊಡ್ಡಪ್ಪನ ಹತ್ರ ಎಮರ್ಜೆನ್ಸಿ ವಿಷಯ ತೆಗೆದರೆ ಮುಗೀತು. "ಏನೇ ಹೇಳು, ಆಗ ಬಸ್ಸು ಟೈಮಿಗೆ ಸರಿಯಾಗಿ ಬರ್ತಿತ್ತು ಕಣೋ. ಆಫೀಸಲ್ಲಿ ಎಲ್ಲರೂ ಅವರವರ ಸೀಟಲ್ಲೇ ಕೂತಿರ್ತಿದ್ರು." ಜಯನಗರ 9ನೇ ಬ್ಲಾಕಿನ ಅವರ ಮನೆ ಜಗುಲಿಯಲ್ಲಿ ಕೂತು ಈ ಮಾತನ್ನ ನಾನು ಏನಿಲ್ಲ ಅಂದರೂ ಹತ್ತು ಸಲ ಕೇಳಿದ್ದೀನಿ. ಕಳೆದ ಭಾನುವಾರ ಮಾತ್ರ ಸುಮ್ಮನಿರಲಾರದೆ ಕೇಳಿಬಿಟ್ಟೆ, "ಸರಿ ದೊಡ್ಡಪ್ಪ, ಜೈಲಿಗೆ ಹೋದವರ ಕಥೆ?"

"ಅದೆಲ್ಲ ನಮಗೆಲ್ಲಿ ಗೊತ್ತಾಗ್ತಿತ್ತು? ಪೇಪರಲ್ಲಿ ಏನೂ ಬರ್ತಿರ್ಲಿಲ್ಲವಲ್ಲ."

ಎಷ್ಟು ಸಲೀಸಾಗಿ ಹೇಳಿದರು ನೋಡಿ! ಆರ್ವೆಲ್‌ನ '1984' ಕಾದಂಬರಿಯ ಅರ್ಧ ಭಾಗ ಈ ಒಂದು ಉತ್ತರದಲ್ಲಿದೆ ಅನ್ನಿಸಿತು. ಆ ಪುಸ್ತಕವನ್ನ ನಾನು ಮೊದಲು ಓದಿದ್ದು ಪಿಯುಸಿಯಲ್ಲಿ. ಆಗ ನನಗೆ ಹೆದರಿಕೆ ಹುಟ್ಟಿಸಿದ್ದು ಗೋಡೆಯ ಮೇಲಿನ ಟೆಲಿಸ್ಕ್ರೀನು, ಕೊನೆಯ ಇಲಿಗಳು. ಮೊನ್ನೆ ಮತ್ತೆ ಓದುವಾಗ ಅದ್ಯಾವುದೂ ಅಷ್ಟು ಹೆದರಿಸಲಿಲ್ಲ. ವಿನ್ಸ್ಟನ್ ಸ್ಮಿತ್‌ನ ನೌಕರಿ ಹೆದರಿಸಿತು. ಆತ ಒಬ್ಬ ಸಾಧಾರಣ ಗುಮಾಸ್ತ. ಹಳೇ ಪತ್ರಿಕೆಗಳನ್ನ ತಿದ್ದಿ, ಸರ್ಕಾರಕ್ಕೆ ಬೇಡವಾದವರು ಯಾವತ್ತೂ ಇರಲೇ ಇಲ್ಲ ಅನ್ನೋ ಹಾಗೆ ಮಾಡೋದು ಅವನ ದಿನದ ಕೆಲಸ. ಸಂಜೆ ಮನೆಗೆ ಹೋಗ್ತಾನೆ, ಅಷ್ಟೇ.

ಅಂದಹಾಗೆ ಆರ್ವೆಲ್ ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. 1941ರಿಂದ 43ರವರೆಗೆ ಬಿಬಿಸಿಯಲ್ಲಿ ಭಾರತದ ಕೇಳುಗರಿಗಾಗಿಯೇ ಯುದ್ಧಕಾಲದ ಕಾರ್ಯಕ್ರಮ ಬರೆಯುತ್ತಿದ್ದ. ಅಂದರೆ ಪ್ರಚಾರದ ಅಡುಗೆಮನೆಯಲ್ಲಿ ಸ್ವತಃ ಸೌಟು ಹಿಡಿದವನು. ಆ ಪ್ರಚಾರ ನಮಗೇ ಬಡಿಸಿದ್ದು ಬೇರೆ :)

ದೊಡ್ಡಪ್ಪನ ಉತ್ತರ ತಲೆಯಲ್ಲಿ ಕೊರೆಯುತ್ತಿತ್ತಲ್ಲ, ಮರುದಿನವೇ ಜಯನಗರದಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿಳಿದು ಫ್ರೀಡಂ ಪಾರ್ಕಿಗೆ ನಡೆದೆ. 2008ರಲ್ಲಿ ಪಾರ್ಕ್ ಆಗುವ ಮೊದಲು ಅದು ಸೆಂಟ್ರಲ್ ಜೈಲು, 19ನೇ ಶತಮಾನದ್ದು. ಕೈದಿಗಳನ್ನ ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಉಳಿದ ಕಟ್ಟಡಗಳಲ್ಲಿ ಕೆಲವನ್ನ ಹಾಗೇ ಬಿಟ್ಟಿದ್ದಾರೆ. ನಟ್ಟನಡುವೆ ಒಂದು ಕಾವಲು ಗೋಪುರ. ಅಲ್ಲಿ ನಿಂತವನಿಗೆ ಸುತ್ತ ಎಲ್ಲ ಕಾಣಬೇಕು, ಕೆಳಗಿದ್ದವನಿಗೆ ತನ್ನನ್ನ ಈಗ ನೋಡ್ತಿದ್ದಾರೋ ಇಲ್ಲವೋ ಗೊತ್ತಾಗಬಾರದು. ಟೆಲಿಸ್ಕ್ರೀನಿನ ಗುಟ್ಟೂ ಇಷ್ಟೇ ತಾನೆ?

1975ರ ಜೂನ್ 25ರ ರಾತ್ರಿ ದಿಲ್ಲಿಯಲ್ಲಿ ಎಮರ್ಜೆನ್ಸಿಗೆ ರಾಷ್ಟ್ರಪತಿಗಳ ಸಹಿ ಬಿತ್ತು. ಅದೇ ರಾತ್ರಿ ದಿಲ್ಲಿಯ ಪತ್ರಿಕಾಲಯಗಳ ಬೀದಿಗೆ ಕರೆಂಟೇ ಇರಲಿಲ್ಲ. ಬೆಳಿಗ್ಗೆ ಇಂದಿರಾ ಗಾಂಧಿ ರೇಡಿಯೋದಲ್ಲಿ ಗಾಬರಿಪಡಬೇಡಿ ಅಂದರು. ಆ ಹೊತ್ತಿಗೆ ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಎಸ್.ಎನ್. ಮಿಶ್ರಾ ಸಂಸದೀಯ ಸಮಿತಿಯ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದರು. ಇಲ್ಲೇ ಹಿಡಿದು ಇದೇ ಸೆಂಟ್ರಲ್ ಜೈಲಿಗೆ ಹಾಕಿದರು. ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಬಿತ್ತು. ಎಮರ್ಜೆನ್ಸಿ ಇದ್ದರೂ ಬಂಧನ ಸರಿಯೋ ತಪ್ಪೋ ಅಂತ ಕೋರ್ಟು ನೋಡಬಹುದು ಅಂದ ದೇಶದ ಹಲವು ಹೈಕೋರ್ಟುಗಳಲ್ಲಿ ನಮ್ಮದೂ ಒಂದು. ಇದು ನಮ್ಮ ಶಾಲೆಯ ಪುಸ್ತಕದಲ್ಲಿ ಯಾಕಿರಲಿಲ್ಲವೋ! 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಅವನ್ನೆಲ್ಲ ತಳ್ಳಿಹಾಕಿತು. ಐವರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಮಾತ್ರ, ಎಚ್.ಆರ್. ಖನ್ನಾ, ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿಯಾಗುವ ಸರದಿ ಅವರದ್ದಾಗಿತ್ತು, ತಪ್ಪಿಹೋಯಿತು.

ಆ ತೀರ್ಪು ಬಂದು ನಾಲ್ಕೇ ದಿನಕ್ಕೆ, ಮೇ 2ರಂದು, ಸ್ನೇಹಲತಾ ರೆಡ್ಡಿಯವರ ಬಂಧನ ಆಯಿತು.

'ಸಂಸ್ಕಾರ' ಸಿನಿಮಾದ ಚಂದ್ರಿ. ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರೋದು ಅಷ್ಟೇ. ಅವರ ಪತಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಆ ಚಿತ್ರವನ್ನ ಮೊದಲು ಮದ್ರಾಸಿನ ಸೆನ್ಸಾರ್ ಮಂಡಳಿ ತಡೆಹಿಡಿದಿತ್ತು. ಆಮೇಲೆ 1970ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ಕನ್ನಡಕ್ಕೆ ಮೊದಲನೆಯದು. ಆಕೆ ಲೋಹಿಯಾವಾದಿ, ಜಾರ್ಜ್ ಫರ್ನಾಂಡಿಸ್‌ಗೆ ಸ್ನೇಹಿತೆ. ಜಾರ್ಜ್ ಭೂಗತರಾಗಿದ್ದರು, ಪೊಲೀಸರಿಗೆ ಅವರು ಎಲ್ಲಿದ್ದಾರೆ ಅನ್ನೋದು ಬೇಕಾಗಿತ್ತು. ಜಾರ್ಜ್ ತಮ್ಮ ಲಾರೆನ್ಸ್‌ನನ್ನ ಇದೇ ಬೆಂಗಳೂರಿನಲ್ಲಿ ಹಿಡಿದು, ಸ್ವಂತ ಕಾಲ ಮೇಲೆ ನಡೆಯಲಾರದ ಸ್ಥಿತಿಗೆ ತಂದಿದ್ದರು. ಸ್ನೇಹಲತಾ ಅವರನ್ನ ಬರೋಡಾ ಡೈನಮೈಟ್ ಪ್ರಕರಣ ಅಂತ ಒಳಗೆ ಹಾಕಿದರು. ಕೊನೆಗೆ ಚಾರ್ಜ್‌ಶೀಟಿನಲ್ಲಿ ಅವರ ಹೆಸರೇ ಇರಲಿಲ್ಲ! ಆದರೂ ಮೀಸಾ ಕಾಯ್ದೆಯಡಿ ಒಳಗೇ ಇಟ್ಟರು. ಆಕೆಗೆ ಹಳೇ ಆಸ್ತಮಾ. ಅದೇ ಜೈಲಿನಲ್ಲಿದ್ದ ಮಧು ದಂಡವತೆ, ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಚೀರಾಟ ಕೇಳಿಸುತ್ತಿತ್ತು ಅಂತ ಮುಂದೆ ನೆನಪಿಸಿಕೊಂಡಿದ್ದಾರೆ. ಎಂಟು ತಿಂಗಳಿಗೂ ಹೆಚ್ಚು ಕಾಲ ಹೀಗೆ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 18ಕ್ಕೆ ಇಂದಿರಾ ಚುನಾವಣೆ ಘೋಷಿಸಿದರು. 20ಕ್ಕೆ ಸ್ನೇಹಲತಾ ತೀರಿಹೋದರು. ಜೈಲಿನಲ್ಲಿ ಬರೆದಿಟ್ಟುಕೊಂಡ ಡೈರಿ ಅದೇ ವರ್ಷ ಪುಸ್ತಕವಾಗಿ ಬಂತು.

ಈಗ ದೊಡ್ಡಪ್ಪನ ಮಾತಿಗೆ ಬರೋಣ. ಅವರಿಗೆ ಗೊತ್ತಾಗಲಿಲ್ಲ ಅನ್ನೋದು ಸುಳ್ಳಲ್ಲ. ಯಾರನ್ನ ಬಂಧಿಸಿದರು, ಎಲ್ಲಿಟ್ಟರು ಅಂತ ಪತ್ರಿಕೆ ಹಾಕೋ ಹಾಗಿರಲಿಲ್ಲ. ಎಲ್ಲಕ್ಕೂ ಮುಂಗಡ ಸೆನ್ಸಾರ್. ಶುರುವಿನಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗ ಖಾಲಿ ಬಿಟ್ಟು ಪ್ರತಿಭಟಿಸಿತು. ಆಮೇಲೆ ಹಾಗೆ ಖಾಲಿ ಬಿಡುವುದನ್ನೂ ನಿಷೇಧಿಸಿದರು. ಇದನ್ನ ಒಂಚೂರು ಯೋಚನೆ ಮಾಡಿ. ಖಾಲಿ ಜಾಗ ಕಂಡರೆ ಓದುಗನಿಗೆ 'ಇಲ್ಲೇನೋ ಇತ್ತು' ಅಂತ ಗೊತ್ತಾಗುತ್ತೆ. ಆ ಸುಳಿವೂ ಇರಬಾರದು. 1976ರಲ್ಲಿ ನಾಲ್ಕು ಸುದ್ದಿಸಂಸ್ಥೆಗಳನ್ನ ಸೇರಿಸಿ 'ಸಮಾಚಾರ್' ಅಂತ ಒಂದೇ ಮಾಡಿದರು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಹಾಗಾಗಿ ಆಗ ಮನೆಯಲ್ಲಿದ್ದದ್ದು ಪೇಪರು ಮತ್ತು ಆಕಾಶವಾಣಿ, ಎರಡೂ ಒಂದೇ ರಾಗ. ಮಾತು ಕಡಿಮೆ ಮಾಡಿ, ಕೆಲಸ ಜಾಸ್ತಿ ಮಾಡಿ ಅನ್ನೋ ಘೋಷಣೆ, ಇಪ್ಪತ್ತು ಅಂಶಗಳ ಕಾರ್ಯಕ್ರಮ. ಟೈಮಿಗೆ ಬಂದ ಬಸ್ಸು ಕಣ್ಣಿಗೆ ಕಾಣುತ್ತೆ. ಗೋಡೆಯಾಚೆಯ ಚೀರಾಟ ಕಾಣಲ್ಲ.

ನನಗನ್ನಿಸೋದು, ಕೆಟ್ಟ ಭವಿಷ್ಯದ ಕಾದಂಬರಿ ಓದುವಾಗ ನಾವು ಮಾಡೋ ದೊಡ್ಡ ತಪ್ಪು ಇದು: ಎಲ್ಲರಿಗೂ ಕಷ್ಟ ಆಗ್ತಿರುತ್ತೆ ಅಂದ್ಕೋತೀವಿ. ಹಕ್ಸ್‌ಲಿಯ 'ಬ್ರೇವ್ ನ್ಯೂ ವರ್ಲ್ಡ್'ನಲ್ಲಿ (1932) ಎಲ್ಲರೂ ಖುಷಿಯಾಗೇ ಇದ್ದಾರೆ. ಬ್ರಾಡ್‌ಬರಿಯ 'ಫ್ಯಾರನ್‌ಹೀಟ್ 451'ರಲ್ಲಿ (1953) ಪುಸ್ತಕ ಸುಡೋಕೆ ಮುಂಚೆಯೇ ಜನ ಓದೋದನ್ನ ತಾವಾಗಿ ಬಿಟ್ಟಿರ್ತಾರೆ. ಬಹುಪಾಲು ಜನರ ದಿನ ಸಲೀಸಾಗಿ ಸಾಗುತ್ತೆ, ಅದಕ್ಕೇ ಅದು ನಡೆಯುತ್ತೆ.

ಇದಕ್ಕೆ ಸಾಕ್ಷಿ ನಮ್ಮ ರಾಜ್ಯವೇ. 1977ರ ಮಾರ್ಚಿನಲ್ಲಿ ಉತ್ತರ ಭಾರತ ಇಂದಿರಾರನ್ನ ಗುಡಿಸಿಹಾಕಿತು, ಕರ್ನಾಟಕ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಕೊಟ್ಟಿತು. ಮರುವರ್ಷ ಚಿಕ್ಕಮಗಳೂರು ಇಂದಿರಾರನ್ನ ಮತ್ತೆ ಲೋಕಸಭೆಗೆ ಕಳಿಸಿತು. ಇದನ್ನ ಬರೀ ಪ್ರಚಾರದ ಫಲ ಅಂದರೆ ಅನ್ಯಾಯ. ದೇವರಾಜ ಅರಸು ಭೂಸುಧಾರಣೆಯಿಂದ ಗೇಣಿದಾರನಿಗೆ ನಿಜವಾಗಿ ಜಮೀನು ಸಿಕ್ಕಿತ್ತು. ಬಲವಂತದ ಸಂತಾನಹರಣ ಉತ್ತರದಲ್ಲಿ ನಡೆದಷ್ಟು ಇಲ್ಲಿ ನಡೆಯಲಿಲ್ಲ. ಜಮೀನು ಸಿಕ್ಕ ರೈತನಿಗೆ ಸ್ನೇಹಲತಾ ರೆಡ್ಡಿ ಯಾರು ಅಂತ ಯಾಕೆ ಗೊತ್ತಿರಬೇಕು ಅಂತ ಯಾರಾದರೂ ಕೇಳಿದರೆ ನನ್ನ ಹತ್ರ ಸುಲಭದ ಉತ್ತರ ಇಲ್ಲ.

ಕಾಂಗ್ರೆಸ್ಸಿಗೆ ತಪ್ಪಿದ ಎರಡರಲ್ಲಿ ಒಂದು ನಮ್ಮದೇ ಬೆಂಗಳೂರು ದಕ್ಷಿಣ! ಗೆದ್ದವರು ಜನತಾ ಪಕ್ಷದ ಕೆ.ಎಸ್. ಹೆಗ್ಡೆ. ಸೋತವರು ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ. ಹೆಗ್ಡೆಯವರು ಸುಪ್ರೀಂ ಕೋರ್ಟಿನಲ್ಲಿದ್ದಾಗ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಕೇಸು ಬಂದಿತ್ತು. ಸಂವಿಧಾನದ ಮೂಲ ಸ್ವರೂಪವನ್ನ ಸಂಸತ್ತೂ ಕೆಡಿಸೋ ಹಾಗಿಲ್ಲ ಅಂದ ತೀರ್ಪು ಅದು. 1973ರ ಏಪ್ರಿಲ್‌ನಲ್ಲಿ ತೀರ್ಪು ಬಂದ ಕೂಡಲೇ ಹೆಗ್ಡೆ, ಶೆಲಟ್, ಗ್ರೋವರ್ ಮೂವರನ್ನೂ ದಾಟಿ ಕಿರಿಯರಾದ ಎ.ಎನ್. ರೇ ಅವರನ್ನ ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟರು. 1976ರ ಆ ಹೇಬಿಯಸ್ ಕಾರ್ಪಸ್ ಪೀಠದಲ್ಲಿ ಮೇಲೆ ಕೂತಿದ್ದವರು ಇದೇ ರೇ. ಅಂದರೆ ಬೀಗ ಹಾಕೋಕೆ ಎರಡು ವರ್ಷ ಮುಂಚೆಯೇ ಬೀಗದಕೈ ಬದಲಾಗಿತ್ತು. ಆಗ ಗಮನಿಸಿದವರು ಎಷ್ಟು ಜನ ಇದ್ದರೋ...

ಹೊಗೆಗೂಡಿನಂಥ 'ಮೆಮರಿ ಹೋಲ್' ಕೂಡ ನಮಗೆ ಹೊಸದಲ್ಲ. ಎಮರ್ಜೆನ್ಸಿಯ ಅತಿರೇಕಗಳ ತನಿಖೆಗೆ ಶಾ ಆಯೋಗ ಕೂತು, 1978ರಲ್ಲಿ ವರದಿ ಕೊಟ್ಟಿತು. ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಬಂಧನದಲ್ಲಿದ್ದರು ಅಂತ ಗೊತ್ತಾದದ್ದು ಅದರಿಂದ. 1980ರಲ್ಲಿ ಇಂದಿರಾ ವಾಪಸ್ ಬಂದ ಮೇಲೆ ಆ ವರದಿಯ ಪ್ರತಿಗಳು ಸಿಗುವುದೇ ಕಷ್ಟವಾಯಿತು. ತಮಿಳುನಾಡಿನ ಮಾಜಿ ಸಂಸದ ಎರಾ ಸೆಳಿಯನ್ ತಮ್ಮ ಬಳಿಯಿದ್ದ ಪ್ರತಿಯಿಂದ ಅದನ್ನ 2010ರಲ್ಲಿ ಮತ್ತೆ ಅಚ್ಚು ಹಾಕಿಸಿದರು. ಒಬ್ಬ ಮನುಷ್ಯನ ಪುಸ್ತಕದ ಕಪಾಟು. ಅದಕ್ಕೇ ಮನೆಯಲ್ಲಿ ಹಳೇ ಪೇಪರು ತೂಕಕ್ಕೆ ಹಾಕೋವಾಗ ನನಗೆ ಸ್ವಲ್ಪ ಕೈ ನಡುಗುತ್ತೆ, ಹೆಂಡತಿ ಬೈದರೂ ಸರಿ.

ಇದೆಲ್ಲ ಒಂದು ಪಕ್ಷದ ಕಾಯಿಲೆ ಅಂದ್ಕೊಂಡು ನೆಮ್ಮದಿಯಾಗಿರೋ ಹಾಗೂ ಇಲ್ಲ. 2019ರ ಡಿಸೆಂಬರಿನಲ್ಲಿ ಬೆಂಗಳೂರಿಗೆ 144 ಹಾಕಿ, ಟೌನ್ ಹಾಲ್ ಮುಂದೆ ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನ ಪೊಲೀಸರು ಎಳೆದುಕೊಂಡು ಹೋದರು. ಆ ಆದೇಶ ಕಾನೂನಿನ ಪ್ರಕಾರ ನಿಲ್ಲಲ್ಲ ಅಂತ ಹೈಕೋರ್ಟು ಹೇಳಿದ್ದು 2020ರ ಫೆಬ್ರವರಿಯಲ್ಲಿ, ಎಲ್ಲ ಮುಗಿದ ಮೇಲೆ. 2021ರ ಆದೇಶ ಒಂದಿದೆ, ನಗರದಲ್ಲಿ ಪ್ರತಿಭಟನೆ ಮಾಡೋದಾದರೆ ಫ್ರೀಡಂ ಪಾರ್ಕಿನಲ್ಲೇ ಮಾಡಬೇಕು ಅಂತ. 2023ರಲ್ಲಿ ಸರ್ಕಾರ ಬದಲಾದ ಮೇಲೂ ಪಾರ್ಕಿನಾಚೆ ನಿಂತವರ ಮೇಲೆ ಕೇಸು ಬಿದ್ದಿವೆ. ಹಳೇ ಜೈಲಿನ ಆವರಣದಲ್ಲಿ ಮಾತ್ರ ಕೂಗಬಹುದು. ಆರ್ವೆಲ್ ಬರೆದಿದ್ದರೆ 'ಅತಿಯಾಯ್ತು' ಅಂತಿದ್ವೇನೋ.

ವಾಪಸ್ ಬಂದು ಇಷ್ಟನ್ನೂ ದೊಡ್ಡಪ್ಪನಿಗೆ ಹೇಳಿದೆ. ಹೆಗ್ಡೆ ವಿಷಯ ಬಂದಾಗ "ನಾನೂ ಅವರಿಗೇ ವೋಟ್ ಹಾಕಿದ್ದು" ಅಂದರು. ಇಷ್ಟು ವರ್ಷ ಬಸ್ಸಿನ ಕಥೆ ಹೇಳಿದವರು ಇದನ್ನ ಯಾಕೆ ಹೇಳಿರಲಿಲ್ಲವೋ! ಸ್ನೇಹಲತಾ ರೆಡ್ಡಿ ಹೆಸರು ಹೇಳಿದೆ, ನೆನಪಾಗಲಿಲ್ಲ. 'ಸಂಸ್ಕಾರ'ದ ಫೋಟೋ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

"ಚಂದ್ರಿ ಪಾರ್ಟು ಮಾಡಿದ್ದಳಲ್ಲೋ... ಈ ಹುಡುಗೀನಾ?"

ಹೂಂ ಅಂದೆ. ಮೊಬೈಲ್ ವಾಪಸ್ ಕೊಟ್ಟು, ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಾ ಕೂತರು.