ವರದಿ ಕೇಳುವ ಕ್ರಮ: ಮಠಗಳ ಆಡಳಿತ ಮಂಡಳಿಗಳಿಗೆ ಕೆಲವು ವಿಚಾರಗಳು

ಭೀಮಾತೀರದ ಘತ್ತರಗಿಯಲ್ಲಿರುವ ಶ್ರೀ ಭಾಗ್ಯವಂತಿದೇವಿಯ ದೇವಸ್ಥಾನವು ಮುಜರಾಯಿ ಇಲಾಖೆಗೆ ಸೇರಿದುದು. ಅಂತಹ ದೇವಸ್ಥಾನಗಳಲ್ಲಿ ಹುಂಡಿಯ ಎಣಿಕೆಯಾಗಲಿ, ವರ್ಷದ ಆಯವ್ಯಯವಾಗಲಿ ಅಧಿಕಾರಿಗಳ ಮುಂದೆ ಬರಲೇಬೇಕು. ಆದರೆ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮ, 1997 ಮಠಗಳಿಗೆ ಅನ್ವಯಿಸುವುದಿಲ್ಲ. ಲೆಕ್ಕಪರಿಶೋಧಕರು ವರ್ಷಕ್ಕೊಮ್ಮೆ ಹಣದ ಲೆಕ್ಕವನ್ನು ನೋಡುವರು. ಉಳಿದ ದಿನಗಳಲ್ಲಿ ದಾಸೋಹ, ಪ್ರಸಾದ ನಿಲಯ, ಶಾಲೆ, ಗೋಶಾಲೆಗಳ ಸ್ಥಿತಿಯನ್ನು ಕೇಳಿ ತಿಳಿಯಬೇಕಾದವರು ಆಡಳಿತ ಮಂಡಳಿಯವರೇ. ಹೊರಗಿನವರು ಕೇಳದಿರುವಲ್ಲಿ ಒಳಗಿನವರ ಹೊಣೆ ಹೆಚ್ಚು.

ಸಭೆಗಳಲ್ಲಿ ನಾವು ಬಹುಮಟ್ಟಿಗೆ ಕೇಳುವ ವರದಿ ಒಂದೇ: "ಪೂಜ್ಯರ ಆಶೀರ್ವಾದದಿಂದ ಎಲ್ಲವೂ ಸುಸೂತ್ರವಾಗಿ ನಡೆದಿದೆ." ಇದಕ್ಕಾಗಿ ಸಿಬ್ಬಂದಿಯನ್ನು ದೂರುವುದು ಸುಲಭ. "ಹೇಗೆ ನಡೆದಿದೆ?" ಎಂದು ಕೇಳಿದವರಿಗೆ "ಚೆನ್ನಾಗಿದೆ" ಎಂಬ ಉತ್ತರವಲ್ಲದೆ ಬೇರೇನು ದೊರೆಯಬೇಕು? ವರದಿಯ ಗುಣವು ಪ್ರಶ್ನೆಯ ಗುಣವನ್ನು ಅವಲಂಬಿಸಿದೆ.

ಲಕ್ಕಮ್ಮ ತೋರಿದ ದಾರಿ

ಆಯ್ದಕ್ಕಿ ಮಾರಯ್ಯನು ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಪ್ರಶ್ನಿಸಿ, ಹೆಚ್ಚಾದುದನ್ನು ಮರಳಿ ಸುರಿದು ಬರಲು ಹೇಳಿದಳು. ಆಕೆಗೆ ದಿನದ ಅಳತೆ ತಿಳಿದಿತ್ತು. ಆದುದರಿಂದಲೇ ವ್ಯತ್ಯಾಸ ಕಂಡಿತು. ಕೇಳಿದ್ದು ಕೊರತೆಯನ್ನಲ್ಲ, ಹೆಚ್ಚಳವನ್ನು. ಕೇಳಿದ ಮೇಲೆ ಏನು ಮಾಡಬೇಕೆಂಬುದನ್ನೂ ಹೇಳಿದಳು. ಅಳತೆಯ ಅರಿವು, ನೇರವಾದ ಪ್ರಶ್ನೆ, ಸ್ಪಷ್ಟವಾದ ತೀರ್ಮಾನ ಎಂಬ ಈ ಮೂರೂ ಇಂದಿನ ಮಂಡಳಿಗಳಿಗೆ ಬೇಕಾದವು.

ಏನನ್ನು ಕೇಳಬೇಕು?

ದಾಸೋಹದ ಉಸ್ತುವಾರಿ ನೋಡುವವರಿಂದ: ಕಳೆದ ತಿಂಗಳು ಉಳಿದ ಜೋಳ, ಅಕ್ಕಿ, ತೊಗರಿಬೇಳೆ ಎಷ್ಟು? ಈ ತಿಂಗಳು ಭಕ್ತರಿಂದ ಬಂದುದೆಷ್ಟು, ಕೊಂಡುದೆಷ್ಟು? ಬಳಸಿದ್ದೆಷ್ಟು, ಉಳಿದದ್ದೆಷ್ಟು? ಪ್ರಸಾದ ಸ್ವೀಕರಿಸಿದವರು ಸುಮಾರು ಎಷ್ಟು ಮಂದಿ?

ಪ್ರಸಾದ ನಿಲಯದ ಮೇಲ್ವಿಚಾರಕರಿಂದ: ದಾಖಲಾದ ಮಕ್ಕಳೆಷ್ಟು, ಇಂದು ಇರುವವರೆಷ್ಟು? ಊರಿಗೆ ಹೋಗಿ ಮರಳದವರು ಯಾರು, ಏಕೆ? ನಮ್ಮ ಭಾಗದಲ್ಲಿ ತಂದೆತಾಯಿ ಗುಳೆ ಹೋದಾಗ ಮಗುವೂ ಹೊರಟುಬಿಡುವುದುಂಟು. ಹಾಜರಿಯ ಒಟ್ಟು ಸಂಖ್ಯೆಯಲ್ಲಿ ಇದು ಕಾಣದು; ಹೆಸರು ಹಿಡಿದು ಕೇಳಿದರೆ ಮಾತ್ರ ಕಾಣುತ್ತದೆ.

ಎಲ್ಲರಿಂದಲೂ: ಈ ತಿಂಗಳು ಕೆಟ್ಟದ್ದೇನು? ಮಂಡಳಿಯಿಂದ ಆಗಬೇಕಾದ ತೀರ್ಮಾನವೇನು?

ಪ್ರತಿ ತಿಂಗಳೂ ಇವೇ ಪ್ರಶ್ನೆಗಳು, ಇದೇ ಕ್ರಮದಲ್ಲಿ, ಒಂದೇ ಪುಟದಲ್ಲಿರಲಿ. ಸಭೆಗೆ ಒಂದು ವಾರ ಮುಂಚೆ ಸದಸ್ಯರ ಕೈಸೇರಲಿ. ಹೊಸ ಪ್ರಶ್ನೆ ಸೇರಿಸುವ ಮುನ್ನ, ಅದರ ಉತ್ತರದಿಂದ ಯಾವ ತೀರ್ಮಾನ ಆಗಬೇಕೆಂದು ಮಂಡಳಿಯು ತನ್ನನ್ನೇ ಕೇಳಿಕೊಳ್ಳಲಿ. ಯಾವ ತೀರ್ಮಾನಕ್ಕೂ ಒದಗದ ಪ್ರಶ್ನೆಯನ್ನು ಕೈಬಿಡುವುದು ಲೇಸು. ಅಡುಗೆಮನೆಯನ್ನೂ ಮಕ್ಕಳನ್ನೂ ನೋಡಿಕೊಳ್ಳುವವರ ಹೊತ್ತು ಕಾಗದ ತುಂಬುವುದರಲ್ಲಿಯೇ ಕಳೆಯಬಾರದು.

ನದಿ ಉಕ್ಕಿದಾಗ

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಹರಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿತೀರದ ಊರುಗಳಿಗೆ ನೀರು ನುಗ್ಗಿತು. ಘತ್ತರಗಿಯ ಸೇತುವೆಯೂ ಮುಳುಗಿತು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟ ಸುದ್ದಿ ಬಂದ ಮೇಲೆ ನಮಗೆ ದೊರೆಯುವ ಕಾಲಾವಕಾಶ ಸ್ವಲ್ಪವೇ. ಅಂತಹ ಹೊತ್ತಿನಲ್ಲಿ ಮನೆ ಬಿಟ್ಟು ಬಂದವರಿಗೆ ಎಷ್ಟು ದಿನ ಪ್ರಸಾದ ನೀಡಬಹುದು, ನಿಲಯದಲ್ಲಿ ಎಷ್ಟು ಮಕ್ಕಳಿದ್ದಾರೆ, ದನಗಳಿಗೆ ಮೇವು ಎಷ್ಟಿದೆ ಎಂಬುದನ್ನು ಆಗ ಎಣಿಸಲು ಕುಳಿತರೆ ಆಗದು. ತಿಂಗಳ ವರದಿ ಸರಿಯಾಗಿದ್ದ ಮಠವು ಆ ಕ್ಷಣವೇ ಬಾಗಿಲು ತೆರೆಯಬಲ್ಲದು.

ಕೆಟ್ಟ ಸುದ್ದಿಯನ್ನು ಸ್ವೀಕರಿಸುವ ಬಗೆ

ಎರಡು ಚೀಲ ಜೋಳಕ್ಕೆ ಹುಳು ಹತ್ತಿತೆಂದು ನಿಜ ನುಡಿದವನನ್ನು ತುಂಬಿದ ಸಭೆಯಲ್ಲಿ ಗದರಿಸಿದರೆ, ಮುಂದಿನ ತಿಂಗಳು ಹುಳು ಹತ್ತುವುದು ನಿಲ್ಲದು, ಹೇಳುವುದು ನಿಲ್ಲುತ್ತದೆ. ತಪ್ಪನ್ನು ತಾನಾಗಿ ತಿಳಿಸಿದವರಿಗೂ ಮುಚ್ಚಿಟ್ಟವರಿಗೂ ಮಂಡಳಿಯ ನಡೆ ಒಂದೇ ಆಗಿರಬಾರದು. ಅಂತೆಯೇ ಪ್ರತಿ ವರದಿಗೂ ಉತ್ತರ ಹೋಗಲಿ: ಏನು ತೀರ್ಮಾನವಾಯಿತು, ಯಾರು ಮಾಡುವರು, ಎಂದಿನೊಳಗೆ. ಉತ್ತರ ಬಾರದ ವರದಿಯನ್ನು ಶ್ರದ್ಧೆಯಿಂದ ಬರೆಯುವವರು ವಿರಳ. ವರ್ಷಕ್ಕೆರಡು ಸಲವಾದರೂ ಸದಸ್ಯರು ಉಗ್ರಾಣಕ್ಕೆ ಹೋಗಿ ಚೀಲಗಳನ್ನು ಎಣಿಸಲಿ, ಮಕ್ಕಳ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಲಿ.

ಕೇಳುವುದು ಅಪನಂಬಿಕೆಯಲ್ಲ. ಹೊಲದ ರಾಶಿಯಿಂದ ಒಂದು ಸೇರು ಜೋಳವನ್ನು ಶ್ರೀಮಠಕ್ಕೆಂದು ತೆಗೆದಿಡುವ ಭಕ್ತನು ಅದರ ಲೆಕ್ಕ ಕೇಳುವುದಿಲ್ಲ. ಅವನು ಕೇಳುವುದಿಲ್ಲವೆಂಬ ಕಾರಣಕ್ಕಾಗಿಯೇ ಅವನ ಪರವಾಗಿ ನಾವು ಕೇಳಬೇಕು.