ರದ್ದಾದ ಬೇವಿನ ಪೇಟೆಂಟ್ ಯಾವುದು? ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ

ಬೇವಿನ ಕೀಟನಾಶಕಕ್ಕೆ ನೀಡಿದ್ದ ಯುರೋಪಿನ ಪೇಟೆಂಟ್ 2000ದಲ್ಲಿ ರದ್ದಾಯಿತು ಎಂಬ ಹೇಳಿಕೆ ಜನಪ್ರಿಯ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ವರ್ಷ ಸರಿಯಾಗಿದೆ. 'ಕೀಟನಾಶಕ' ಎಂಬ ಪದ ಮಾತ್ರ ದಾಖಲೆಗೆ ಹೊಂದುವುದಿಲ್ಲ.

2. ದಾಖಲೆ

ವಿವಾದಕ್ಕೊಳಗಾದ ಪೇಟೆಂಟಿನ ಸಂಖ್ಯೆ 0436257. ಅಮೆರಿಕದ ಕೃಷಿ ಇಲಾಖೆ ಹಾಗೂ ಡಬ್ಲ್ಯು.ಆರ್. ಗ್ರೇಸ್ ಕಂಪನಿಗೆ ಜಂಟಿಯಾಗಿ ಇದು ದೊರೆತದ್ದು 1994ರ ಸೆಪ್ಟೆಂಬರಿನಲ್ಲಿ. 1995ರಲ್ಲಿ ಆಕ್ಷೇಪಣೆ ಸಲ್ಲಿಕೆಯಾಯಿತು. 2000ದ ಮೇ 10ರಂದು ರದ್ದತಿಯ ತೀರ್ಪು ಬಂತು. ಮೇಲ್ಮನವಿ ವಜಾ ಆದದ್ದು 2005ರ ಮಾರ್ಚ್ 8ರಂದು. ಹೀಗಾಗಿ ಕೆಲವರು 2000 ಎಂದೂ ಕೆಲವರು 2005 ಎಂದೂ ಬರೆಯುವುದರಲ್ಲಿ ನಿಜವಾದ ವಿರೋಧವಿಲ್ಲ: ಒಂದು ಮೊದಲ ಹಂತದ ತೀರ್ಪು, ಇನ್ನೊಂದು ಅಂತಿಮ ತೀರ್ಪು.

ಪೇಟೆಂಟಿನ ವಿಷಯ, ಬೀಜದಿಂದ ತೆಗೆದ ಜಲವಿಕರ್ಷಕ ಎಣ್ಣೆಯಿಂದ ಸಸ್ಯಗಳ ಶಿಲೀಂಧ್ರ ನಿಯಂತ್ರಣ. ಇಂಥ ಶುದ್ಧೀಕೃತ ಎಣ್ಣೆಯಲ್ಲಿ ಬೇವಿನ ಕೀಟರೋಧಕ ಸಂಯುಕ್ತವಾದ ಅಜಾಡಿರಾಕ್ಟಿನ್ ಬಹುಮಟ್ಟಿಗೆ ಉಳಿದಿರುವುದಿಲ್ಲ. ಆದ್ದರಿಂದ 'ಅಜಾಡಿರಾಕ್ಟಿನ್ ಪೇಟೆಂಟ್ ರದ್ದಾಯಿತು' ಎಂಬ ರೂಪಾಂತರ ಕಾನೂನಿನ ದೃಷ್ಟಿಯಿಂದಲೂ ರಸಾಯನದ ದೃಷ್ಟಿಯಿಂದಲೂ ಒಪ್ಪತಕ್ಕದ್ದಲ್ಲ. ಕೀಟಗಳಿಗೆ ಸಂಬಂಧಿಸಿದವು ಅಮೆರಿಕದ ಬೇರೆ ಪೇಟೆಂಟುಗಳು: ಬೀಜಸಾರವನ್ನು ಕೆಡದಂತೆ ಇಡುವ ವಿಧಾನಕ್ಕೆ 1985ರಲ್ಲಿ ರಾಬರ್ಟ್ ಲಾರ್ಸನ್ ಪಡೆದದ್ದು, ಆಮೇಲೆ ಗ್ರೇಸ್ ಕಂಪನಿಯ ಹೆಸರಿನಲ್ಲಿ 1992ರಲ್ಲಿ ಬಂದದ್ದು (ಸಂಖ್ಯೆ 5124349). ಯುರೋಪಿನ ತೀರ್ಪು ಇವುಗಳಿಗೆ ಅನ್ವಯಿಸದು.

3. ಅಣುವಿನ ಕಾಲಾನುಕ್ರಮ

ಅಜಾಡಿರಾಕ್ಟಿನ್ 'ಪತ್ತೆಯಾದ ವರ್ಷ' ಎಂದು 1968, 1975, 1985 ಮೂರೂ ಬಳಕೆಯಲ್ಲಿರುವುದಕ್ಕೆ ಕಾರಣವಿದೆ. ಬಟರ್‌ವರ್ತ್ ಮತ್ತು ಮಾರ್ಗನ್ ಅದನ್ನು ಬೇರ್ಪಡಿಸಿದ್ದು 1968ರಲ್ಲಿ. ಪರೀಕ್ಷೆಗೆ ಬಳಸಿದ ಕೀಟ ಮರುಭೂಮಿ ಮಿಡತೆ. 1975ರಲ್ಲಿ ಸೂಚಿಸಿದ ರಚನೆಯನ್ನು 1985ರಲ್ಲಿ ತಿದ್ದಬೇಕಾಯಿತು. ಅದು ಸ್ಥಿರಗೊಂಡದ್ದು 1987ರ ಹೊತ್ತಿಗೆ. 35 ಇಂಗಾಲ, 44 ಜಲಜನಕ, 16 ಆಮ್ಲಜನಕ ಪರಮಾಣುಗಳ ಈ ಅಣುವಿನ ಪೂರ್ಣ ಸಂಶ್ಲೇಷಣೆಯನ್ನು ಕೇಂಬ್ರಿಜ್‌ನ ಸ್ಟೀವನ್ ಲೇ ತಂಡ 2007ರಲ್ಲಿ ಪ್ರಕಟಿಸಿತು. 'ಪತ್ತೆ' ಎಂಬುದಕ್ಕೆ 1968ನ್ನೇ ಉಳಿಸಿಕೊಳ್ಳುವುದು ಯುಕ್ತವೆಂದು ತೋರುತ್ತದೆ.

4. ಮಿಡತೆಯ ಸಾಕ್ಷ್ಯ

ಸುಡಾನಿನಲ್ಲಿ ಮಿಡತೆ ಹಿಂಡು ಬೇವನ್ನು ಮುಟ್ಟದೆ ಬಿಟ್ಟುದನ್ನು ಕೀಟವಿಜ್ಞಾನಿ ಹೈನ್ರಿಕ್ ಷ್ಮುಟ್ಟರರ್ ಕಂಡ ವರ್ಷ ಕೆಲವೆಡೆ 1952, ಬೇರೆಡೆ 1959 ಎಂದು ಮುದ್ರಿತವಾಗಿದೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಅದು ವೀಕ್ಷಣೆ ಮಾತ್ರ. ಬೀಜದ ತಿರುಳಿನ ದ್ರವವನ್ನು ಬೆಳೆಗೆ ಸಿಂಪಡಿಸಿ ಮಿಡತೆಯಿಂದ ರಕ್ಷಣೆ ಸಿಗುವುದನ್ನು ತೋರಿಸಿದ್ದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಸಂಗಡಿಗರು (1962). ಜನಪ್ರಿಯ ಬರಹಗಳಲ್ಲಿ ಈ ಕೆಲಸಕ್ಕೆ ಸಿಗುತ್ತಿರುವ ಸ್ಥಾನ ಬಹಳ ಕಡಿಮೆ.

5. ಹೊಲದ ಬಳಕೆ

ರೈತರು ಮಾಡುವ ಶೇ 5ರ ಬೇವಿನ ಬೀಜದ ಕಷಾಯ (100 ಲೀಟರ್ ನೀರಿಗೆ 5 ಕೆ.ಜಿ. ಬೀಜದ ಪುಡಿ, ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಸೋಪು ಬೆರೆಸಿ) ಮುಖ್ಯವಾಗಿ ನೀರಿಗೆ ಇಳಿದ ಅಜಾಡಿರಾಕ್ಟಿನ್ ಬಲದ್ದು. ಅದು ಕೀಡೆಯ ಮೇವನ್ನು ತಡೆಯುತ್ತದೆ, ಪೊರೆ ಕಳಚುವ ಹಾರ್ಮೋನಿನ ಕ್ರಿಯೆಯನ್ನು ಕೆಡಿಸುತ್ತದೆ. ಕೂಡಲೇ ಕೊಲ್ಲುವುದು ವಿರಳ. ಬಿಸಿಲಿನ ನೇರಳಾತೀತ ಕಿರಣಕ್ಕೆ ಬೇಗ ಒಡೆಯುವುದರಿಂದ ಸಂಜೆಯ ಸಿಂಪಡಣೆಗೆ ಶಿಫಾರಸು. 1985ರ ಪೇಟೆಂಟ್ ಬಿಡಿಸಹೊರಟದ್ದು ಇದೇ ಅಸ್ಥಿರತೆಯ ಇನ್ನೊಂದು ಮುಖವನ್ನು, ದಾಸ್ತಾನಿನಲ್ಲಿ ಕೆಡುವುದನ್ನು. ಮಾರಾಟದ ಬೇವಿನ ಕೀಟನಾಶಕದ ಡಬ್ಬಿಯ ಮೇಲಿನ '1500 ಪಿಪಿಎಂ' ಅಜಾಡಿರಾಕ್ಟಿನ್ ಒಂದರದೇ ಅಳತೆ, ಅಂದರೆ ಶೇ 0.15, ಎಣ್ಣೆಯಲ್ಲಿರುವ ಸಲಾನಿನ್, ನಿಂಬಿನ್ ಮುಂತಾದವು ಆ ಲೆಕ್ಕಕ್ಕೆ ಸೇರುವುದಿಲ್ಲ.