ಕಾಗೋಡಿನ ಕೊಳಗ

ಅಳತೆಯಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ, 83ನೆಯದಾದ ಅಲ್ ಮುತಫ್ಫಿಫೀನ್. ಅದನ್ನು ಅಂಗಡಿಯ ತಕ್ಕಡಿಗೆ ಮಾತ್ರ ಹೊಂದಿಸಿ ಓದುವುದು ನಮ್ಮ ರೂಢಿ. ಸಹೋದರರೇ, ನಮ್ಮದೇ ಮಲೆನಾಡಿನಲ್ಲಿ ಅಳತೆಯೊಂದು ಚಳವಳಿಯನ್ನೇ ಹುಟ್ಟಿಸಿತು.

ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಹೆಚ್ಚಾಗಿ ದೀವರು. ಧಣಿಗಳು ಗೇಣಿ ಭತ್ತ ಅಳೆದುಕೊಳ್ಳುವ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದು ಎಂಬುದು ಅವರ ದೂರು. ಕೊಟ್ಟದ್ದಕ್ಕೆ ರಸೀದಿಯೂ ಇಲ್ಲ. ರಸೀದಿ ಇಲ್ಲದವನು ಎಷ್ಟು ವರ್ಷ ಉತ್ತರೂ ಗದ್ದೆ ತನ್ನ ಗೇಣಿಯಲ್ಲಿದೆ ಎಂದು ತೋರಿಸುವುದು ಹೇಗೆ? ಧಣಿಯೆದುರು ಕೊಳಗದ ಮಾತೆತ್ತುವ ಧೈರ್ಯ ಒಬ್ಬನಿಗೆ ಬಾರದು, ಊರಿಗೇ ಬರಬೇಕು. ಆ ಕೆಲಸಕ್ಕೆ ಕೈಹಾಕಿದವರು ದೊಡ್ಡ ನಾಯಕರಲ್ಲ, ಎಚ್. ಗಣಪತಿಯಪ್ಪ ಎಂಬ ಮೇಷ್ಟ್ರು. ಅವರು ರೈತ ಸಂಘ ಕಟ್ಟಿದರು.

1951ರ ಏಪ್ರಿಲ್‌ನಲ್ಲಿ ರೈತರು ನೇಗಿಲು ಹಿಡಿದು ಗದ್ದೆಗಿಳಿದರು. ಪೊಲೀಸರು ಹಿಡಿದೊಯ್ದರು. ಮತ್ತೊಂದು ತಂಡ ಇಳಿಯಿತು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಜೊತೆಗೆ ನಿಂತವು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಸಾಗರದ ರೈಲು ನಿಲ್ದಾಣದಲ್ಲಿ ಬಂಧಿತರಾದರು. ದೇಶಕ್ಕೆ ಕಾಗೋಡಿನ ಹೆಸರು ತಿಳಿದದ್ದು ಆಗ. ಜೈಲು ತುಂಬಿದವರು ಮಾತ್ರ ಯಾರೂ ಹೆಸರು ಬರೆದಿಡದ ಗೇಣಿದಾರರು.

ಆ ವರ್ಷ ಗದ್ದೆ ಅವರದಾಗಲಿಲ್ಲ. 1952ರಲ್ಲಿ ಗೋಪಾಲಗೌಡರು ಶಾಸಕರಾದರು. ಗೇಣಿ ಪದ್ಧತಿಯನ್ನೇ ತೆಗೆದುಹಾಕುವ ತಿದ್ದುಪಡಿ ಜಾರಿಗೆ ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಂದು. ಆಗ ರಾಜ್ಯದ ಊರೂರುಗಳಿಂದ ಗೇಣಿದಾರರು ಫಾರಂ ನಂಬರ್ 7 ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಅಲ್ಲಿ ಸಾಕ್ಷಿಯಾಗಬಲ್ಲವುಗಳಲ್ಲಿ ಅದೇ ಹಳೆಯ ರಸೀದಿಯೂ ಒಂದು.